ಆ ಪ್ಯಾಕೆಟ್ ಯಾರ ಕೈಗೂ ಕೊಡಬೇಡಿ

ಹಾಲಿನ ಪುಡಿಯಲ್ಲಿ ಹುಳು ಕಂಡವರು, ಶೇಂಗಾ ಚಿಕ್ಕಿ ತಿಂದು ವಾಂತಿಯಾಗಿ ಆಸ್ಪತ್ರೆ ಸೇರಿದವರು ನನ್ನ ಬಳಿ ಬರುವ ಹೊತ್ತಿಗೆ ಅವರ ಹತ್ತಿರ ಮೊಬೈಲ್ ಫೋಟೊ ಬಿಟ್ಟರೆ ಬೇರೇನೂ ಇರುವುದಿಲ್ಲ. ಪ್ಯಾಕೆಟ್ ಎಲ್ಲಿ ಎಂದರೆ, "ಕಂಪನಿಯವರು ಮನೆಗೇ ಬಂದಿದ್ರು ಸಾರ್, ಟೆಸ್ಟ್ ಮಾಡಿಸ್ತೀವಿ ಅಂತ ತಗೊಂಡೋದ್ರು, ಎರಡು ಹೊಸದು ಕೊಟ್ರು" ಅನ್ನುತ್ತಾರೆ. ಕೇಸಿನ ಜೀವವೇ ಆ ಪ್ಯಾಕೆಟ್. ಸಿಹಿ ಮಾತಾಡಿ ಅದನ್ನು ಒಯ್ಯುವ ವಿತರಕರನ್ನು, "ಸೆಟ್ಲ್ ಮಾಡಿಸ್ತೀನಿ" ಎಂದು ನಡುವೆ ಬರುವವರನ್ನು ಹೊಸ್ತಿಲು ದಾಟಲು ಬಿಡಬೇಡಿ.

ಬಿಲ್ಲು, ಬ್ಯಾಚ್ ಸಂಖ್ಯೆ, ಉಳಿದ ಆಹಾರ ಮೂರನ್ನೂ ಒಟ್ಟಿಗೆ ಎತ್ತಿಡಿ. ಕಂಪನಿ ಮಾಲನ್ನು ಮಾರುಕಟ್ಟೆಯಿಂದ ವಾಪಸ್ ಪಡೆಯುವುದು ಬ್ಯಾಚ್ ಲೆಕ್ಕದಲ್ಲಿ. ತನ್ನ ಮಾಲು ಸುರಕ್ಷಿತವಲ್ಲ ಎಂದು ಗೊತ್ತಾದರೆ ಹಾಗೆ ವಾಪಸ್ ಪಡೆಯುವುದು 2006ರ ಆಹಾರ ಸುರಕ್ಷತಾ ಕಾಯ್ದೆಯ 28ನೇ ಕಲಂ ಪ್ರಕಾರ ಕಂಪನಿಯ ಕರ್ತವ್ಯ. ಬಿಡಿಯಾಗಿ ಕೊಂಡದ್ದಕ್ಕೆ ಬ್ಯಾಚೇ ಇಲ್ಲ, ಅಲ್ಲಿ ಬಿಲ್ಲೊಂದೇ ಆಧಾರ. ಹಾಲು, ಮಾಂಸದ ವಿಷಯದಲ್ಲಿ "ನೀವೇ ಹೊರಗಿಟ್ಟು ಕೆಡಿಸಿದ್ದೀರಿ" ಎಂಬ ಉತ್ತರ ಬಂದೇ ಬರುತ್ತದೆ. ಕೊಂಡ ಗಂಟೆ, ಫ್ರಿಜ್ಜಿಗೆ ಇಟ್ಟ ಗಂಟೆ ಬರೆದಿಡಿ. ಬಾಂಬೆ ಮಿಠಾಯಿಗೆ ಹಾಕುವ ರೋಡಮೈನ್-ಬಿ ಬಣ್ಣದ ಬಗ್ಗೆ ಯಾರೂ ಆ ಮಾತು ಆಡಲಾರರು, ಅದು ನಿಮ್ಮ ಅಡುಗೆಮನೆಯಲ್ಲಿ ಹುಟ್ಟುವುದಿಲ್ಲ.

ಇನ್ನು ಪರೀಕ್ಷೆ. ಎಷ್ಟೋ ಜನ ಒಡೆದ ಪ್ಯಾಕೆಟ್ ಹಿಡಿದು ಸಿಕ್ಕ ಲ್ಯಾಬಿಗೆ ದುಡ್ಡು ಸುರಿಯುತ್ತಾರೆ. 2015ರಲ್ಲಿ ಮ್ಯಾಗಿ ನಿಷೇಧವನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಿದ್ದಕ್ಕೆ ಒಂದು ಕಾರಣ, ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಕಾಯ್ದೆಯಂತೆ ಮಾನ್ಯತೆ ಇರಲಿಲ್ಲ ಎಂಬುದು. ಸರ್ಕಾರದ ಪಾಡೇ ಹೀಗಾದರೆ ನಿಮ್ಮದೇನು? ಕಲಂ 40ರಂತೆ ಯಾವ ಗ್ರಾಹಕನೂ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ದೋಷ ಸಾಬೀತಾದರೆ ಶುಲ್ಕ ವಾಪಸ್. ಆದರೆ ಪರೀಕ್ಷೆಗೆ ಕೊಡುವೆನೆಂದು ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಿರಬೇಕು. ಈ ಷರತ್ತು ಗೊತ್ತಿಲ್ಲದೆ ಸೋತವರೇ ಹೆಚ್ಚು. ಅದೇ ಬ್ಯಾಚಿನ ಇನ್ನೊಂದು ಸೀಲಾದ ಪ್ಯಾಕೆಟ್ ಕೊಳ್ಳಿ, ತಿಳಿಸಿದ್ದನ್ನು ಬರೆದು ಸಹಿ ಪಡೆಯಿರಿ, ಸಾಕ್ಷಿ ಇರಲಿ. ಹಾಗೆ ತಿಳಿಸಿದ ಕೂಡಲೇ ಕೆಲವರು ಉಳಿದ ಮಾಲನ್ನು ಮಾಯ ಮಾಡುತ್ತಾರೆ. ಆದ್ದರಿಂದ ಮೊದಲು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ ದೂರು ಕೊಟ್ಟು, ಆಹಾರ ಸುರಕ್ಷತಾ ಅಧಿಕಾರಿಯೇ ಮಾದರಿ ತೆಗೆಯಲಿ ಎಂದು ಕೇಳಿ.

"ಫೋನಲ್ಲಿ ಹೇಳಿದ್ದೀರಲ್ಲ, ಸಾಕು" ಎಂಬ ಮಾತು ನಂಬಬೇಡಿ. ಬರೆದು ಕೊಡಿ, ಸ್ವೀಕೃತಿ ಪಡೆಯಿರಿ. ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಮಾದರಿ ತಲುಪಿದ 14 ದಿನದಲ್ಲಿ ವಿಶ್ಲೇಷಕರು ವರದಿ ಕೊಡಬೇಕು. ಸಾಹೇಬರ ಮೇಜಿನ ಮೇಲೆ ಅದು ತಿಂಗಳುಗಟ್ಟಲೆ ಮಲಗಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಆಹಾರ ಸುರಕ್ಷತಾ ಕಾಯ್ದೆಯಡಿ ಮೊಕದ್ದಮೆಗೆ ಸಾಮಾನ್ಯ ಗಡುವು ಒಂದೇ ವರ್ಷ, ಕಾಲ ಕಳೆಯುವುದರಿಂದ ಲಾಭ ಯಾರಿಗೆಂದು ಹೇಳಬೇಕಿಲ್ಲ.

ಆಹಾರದಿಂದ ಸಾವಾದರೆ ಕನಿಷ್ಠ 5 ಲಕ್ಷ, ತೀವ್ರ ಹಾನಿಗೆ 3 ಲಕ್ಷದವರೆಗೆ, ಉಳಿದ ಹಾನಿಗೆ 1 ಲಕ್ಷದವರೆಗೆ ಪರಿಹಾರವೆಂದು ಕಲಂ 65 ಹೇಳುತ್ತದೆ. ಆಸ್ಪತ್ರೆಯ ಚೀಟಿಗಳನ್ನು ಎಸೆದವರಿಗೆ ಇದು ಕಾಗದದಲ್ಲೇ ಉಳಿಯುತ್ತದೆ. ಪ್ರತ್ಯೇಕವಾಗಿ, ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೂ ಎರಡು ವರ್ಷದೊಳಗೆ ಹೋಗಬಹುದು. ಅಲ್ಲಿ ಮಾದರಿಯನ್ನು ಆಯೋಗವೇ ಸೀಲು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ. ಕೊಂಡ ವಸ್ತುವಿನ ಬೆಲೆ 5 ಲಕ್ಷ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ನೀವೇ ನಿಂತು ವಾದಿಸಬಹುದು, ವಕೀಲರು ಬೇಕೇಬೇಕೆಂದಿಲ್ಲ.