ಪರರ ಆಸರೆಯಲ್ಲಿ ಬೆಳೆಯುವ ಮಕ್ಕಳಿಗೆ ಶರೀರದ ಪಾಠ

ಸುಗ್ಗಿ ಮುಗಿಯುತ್ತಲೇ ಉರುಕುಂದ, ಕೌತಾಳಂ, ಕೋಸಿಗಿ ಸುತ್ತಿನ ಹಳ್ಳಿಗಳಿಂದ ಅನೇಕ ಕುಟುಂಬಗಳು ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಗುಳೆ ಹೋಗುವುದು ಎಲ್ಲರೂ ಬಲ್ಲ ಸಂಗತಿಯೇ. ಆ ತಿಂಗಳುಗಳಲ್ಲಿ ಎಷ್ಟೋ ಮಕ್ಕಳು ಅಜ್ಜಿಯ ಬಳಿಯೋ, ಚಿಕ್ಕಪ್ಪನ ಮನೆಯಲ್ಲೋ, ವಸತಿನಿಲಯದಲ್ಲೋ ಉಳಿಯುತ್ತಾರೆ. ಅನ್ನಕ್ಕೆ ಕೊರತೆಯಾಗದಿರಬಹುದು. ಆದರೆ ಹನ್ನೆರಡು ಹದಿಮೂರರ ಪ್ರಾಯದಲ್ಲಿ ಮೈಯಲ್ಲಾಗುವ ಬದಲಾವಣೆಗಳನ್ನು ಅವರು ಯಾರಲ್ಲಿ ಕೇಳಬೇಕು? ಹೆತ್ತ ತಾಯಿಯೊಡನೆ ಆಡಲೂ ನಾಚುವ ಮಾತನ್ನು ಪರರೊಡನೆ ಆಡುವುದು ಸುಲಭವೇ?

ಹೆತ್ತವರ ಆಸರೆಯಿಲ್ಲದ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಇನ್ನೊಂದು ಕುಟುಂಬಕ್ಕೆ ಒಪ್ಪಿಸುವ ಪೋಷಕ ಪಾಲನೆಯ ಏರ್ಪಾಡು 2015ರ ಬಾಲನ್ಯಾಯ ಕಾಯಿದೆಯಲ್ಲಿದೆ. ನಮ್ಮ ಕಡೆ ಕಾಗದಪತ್ರವಿಲ್ಲದೆ ನೆಂಟರೇ ಸಾಕುವುದು ವಾಡಿಕೆ. ಕಾಗದವಿರಲಿ ಬಿಡಲಿ, ಸಾಕುವವರ ಕರ್ತವ್ಯ ಒಂದೇ.

ಕನ್ನಡ ಪಾಠ ಹೇಳುವವನಾದ್ದರಿಂದ ಮೊದಲು ಪದಗಳ ಮಾತು. ಹುಡುಗಿ 'ಮೈನೆರೆದಳು' ಎನ್ನುತ್ತೇವೆ. ನೆರೆ ಎಂದರೆ ತುಂಬು, ಪೂರ್ಣವಾಗು. ಎಷ್ಟು ಚೆಲುವಾದ ಮಾತು! ಅದೇ ಹುಡುಗಿಯನ್ನು ಮರುತಿಂಗಳು 'ಹೊರಗಾದಳು' ಎಂದು ಮೂಲೆಗೆ ಕೂರಿಸುತ್ತೇವೆ. ಹುಡುಗರ ಪಾಡು ಇನ್ನೂ ವಿಚಿತ್ರ. ಮೀಸೆ ಚಿಗುರಿತು, ಧ್ವನಿ ಒಡೆಯಿತು ಎಂಬುದರಾಚೆ ಮನೆಯಲ್ಲಿ ಆಡಬಹುದಾದ ಪದವೇ ಇಲ್ಲ.

ಋತುಸ್ರಾವವು ಸಾಮಾನ್ಯವಾಗಿ 9ರಿಂದ 15 ವರ್ಷದೊಳಗೆ ಆರಂಭವಾಗುತ್ತದೆ. ಗರ್ಭಕೋಶದ ಒಳಪದರವು ರಕ್ತದೊಡನೆ ಹೊರಬರುವುದೇ ಅದು. ಮೈಲಿಗೆಯೂ ಅಲ್ಲ, ರೋಗವೂ ಅಲ್ಲ. ಮೊದಲ ಒಂದೆರಡು ವರ್ಷ ದಿನಗಳು ಏರುಪೇರಾಗುವುದು ಸಹಜ. ಬಟ್ಟೆ ಬಳಸುವವರು ಅದನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲೇ ಒಣಗಿಸಬೇಕು. ಪರರ ಮನೆಯಲ್ಲಿರುವ ಹುಡುಗಿ ಸಂಕೋಚದಿಂದ ಅದನ್ನು ಕತ್ತಲೆಯ ಮೂಲೆಯಲ್ಲಿ ಅವಿತಿಡುತ್ತಾಳೆ. ತೇವ ಆರದೆ ಸೋಂಕು ತಗಲುವ ಸಂಭವ ಹೆಚ್ಚುತ್ತದೆ. ಮನೆಯ ಹೆಂಗಸರು ತಾವಾಗಿ ಒಂದು ಹಗ್ಗ, ಒಂದು ಸಾಬೂನು, ಒಂದು ಬಾಗಿಲು ಭದ್ರವಾದ ಬಚ್ಚಲು ತೋರಿಸಿದರೆ ಅರ್ಧ ಪಾಠ ಮುಗಿದಂತೆಯೇ. ರಕ್ತಸ್ರಾವ ವಾರ ಮೀರಿದರೆ ವೈದ್ಯರಿಗೆ ತೋರಿಸತಕ್ಕದ್ದು.

ಹುಡುಗರಿಗೆ ನಿದ್ರೆಯಲ್ಲಿ ವೀರ್ಯ ಜಾರುವುದೂ ಇಷ್ಟೇ ಸಹಜ. ಅದರಿಂದ ಶಕ್ತಿ ಕುಂದುವುದಿಲ್ಲ. ಗೋಡೆಯ ಮೇಲೆ ಗುಪ್ತರೋಗದ ಜಾಹೀರಾತು ಬರೆಸುವವರು ಈ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡಿದ್ದಾರೆ.

ಇವನ್ನೆಲ್ಲ ಹೇಳಿದರೆ ಮಕ್ಕಳು ಕೆಡುತ್ತಾರೆಂದು ಕೆಲವು ಪಾಲಕರ ಅಭಿಪ್ರಾಯ. 2007ರಲ್ಲಿ ಕರ್ನಾಟಕವೂ ಇಂಥ ಶಿಕ್ಷಣವನ್ನು ಶಾಲೆಗಳಲ್ಲಿ ತಡೆಹಿಡಿದಿತ್ತು. ಈ ಅಂಜಿಕೆ ತಪ್ಪುಕಲ್ಪನೆಯೆಂದು ಸುಪ್ರೀಂ ಕೋರ್ಟು 2024ರ ತೀರ್ಪೊಂದರಲ್ಲಿ ಹೇಳಿದೆ. ತಿಳಿಯದ ಮಗುವೇ ಸುಲಭವಾಗಿ ಮೋಸಹೋಗುತ್ತದೆ ಎಂಬುದು ನನ್ನ ಅಭಿಪ್ರಾಯವೂ ಹೌದು.

ಮೋಸವೆಂದೆ. ಅದನ್ನು ಬಿಡಿಸಿ ಹೇಳಲೇಬೇಕು. ಮಗುವಿನ ಗುಪ್ತಾಂಗಗಳನ್ನು ಕಾಮದಿಂದ ಮುಟ್ಟುವುದು, ಅಶ್ಲೀಲ ಚಿತ್ರ ತೋರಿಸುವುದು 2012ರ ಪೋಕ್ಸೋ ಕಾಯಿದೆಯಂತೆ ಅಪರಾಧ. ಹದಿನೆಂಟು ತುಂಬದ ಹುಡುಗ, ಹುಡುಗಿ ಇಬ್ಬರಿಗೂ ಅದು ರಕ್ಷಣೆ. ತಪ್ಪು ಮಾಡಿದವನು ಅನ್ನವಿಟ್ಟವನೇ ಆಗಿದ್ದರೂ ಅಪರಾಧ ಅಪರಾಧವೇ. "ಇಲ್ಲಿಂದ ಹೊರಹಾಕಿದರೆ ಎಲ್ಲಿಗೆ ಹೋಗಲಿ?" ಎಂಬ ಭಯವೇ ಇಂಥ ಮಗುವಿನ ಬಾಯಿ ಕಟ್ಟುತ್ತದೆ. ಆದಕಾರಣ ವಿಷಯ ತಿಳಿದ ಹಿರಿಯರು ದೂರು ಕೊಡದಿದ್ದರೆ ಅವರಿಗೂ ಶಿಕ್ಷೆಯುಂಟು. ಹುಡುಗಿಯ ಹೊರೆ ಇಳಿಸಿಕೊಳ್ಳಲೆಂದು ಹದಿನೆಂಟರೊಳಗೆ ಮದುವೆ ಮಾಡುವುದನ್ನು 2006ರ ಕಾಯಿದೆಯೂ, ದೇವರಿಗೆ ಬಿಡುವುದನ್ನು ಆಂಧ್ರದ 1988ರ ಕಾಯಿದೆಯೂ ನಿಷೇಧಿಸಿವೆ.

ಮಕ್ಕಳೇ, ಕೇಳಲು ಆಶಾ ಕಾರ್ಯಕರ್ತೆಯರಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಶಾಲೆಯಲ್ಲಿ ನಾವಿದ್ದೇವೆ. 1098ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಹಣವಿಲ್ಲದೆ ಫೋನು ಮಾಡಬಹುದು. ಪಾಲಕರೇ, ಈ ಸಲ ಗುಳೆ ಹೊರಡುವ ಮುನ್ನ ಮಗುವಿಗೆ ಈ ನಂಬರನ್ನು ಬಾಯಿಪಾಠ ಮಾಡಿಸಿ, ಕಷ್ಟ ಬಂದರೆ ಊರಿನಲ್ಲಿ ಯಾರ ಬಳಿ ಹೋಗಬೇಕೆಂಬುದನ್ನು ಹೆಸರು ಹಿಡಿದು ಹೇಳಿ ಹೋಗಿರಿ.