ಬಾಗಿಲ ಹೊರಗೆ ಕೂತು ಕಲಿತ ವಿದ್ಯಾರ್ಥಿ

ಯೂತ್ ಸರ್ವಿಸ್‌ನಲ್ಲಿ ನಾವು ಅಪೊಸ್ತಲರ ಕೃತ್ಯಗಳು ಪುಸ್ತಕವನ್ನು ಧ್ಯಾನಿಸ್ತಾ ಬಂದಿದ್ದೀವಿ. ಇವತ್ತು 13ನೇ ಅಧ್ಯಾಯ, ಮೊದಲನೇ ವಚನ. ಬೈಬಲ್ ತೆಗೀರಿ. ಮೊಬೈಲ್‌ನಲ್ಲಿ ಓದುವವರು ಮೊಬೈಲ್‌ನಲ್ಲೇ ಓದಿ, ಆದರೆ ಮಧ್ಯದಲ್ಲಿ ವಾಟ್ಸಾಪ್ ಬೇಡ.

ಅಂತಿಯೋಕ್ಯದ ಸಭೆಯಲ್ಲಿದ್ದ ಪ್ರವಾದಿಗಳು, ಬೋಧಕರು ಯಾರ್ಯಾರು ಅಂತ ಅಲ್ಲಿ ಐದು ಹೆಸರು ಇದೆ. ನಾವೆಲ್ಲ ಬಾರ್ನಬನನ್ನೂ ಸೌಲನನ್ನೂ ನೋಡಿ ಮುಂದೆ ಹೋಗಿಬಿಡ್ತೀವಿ. ಇವತ್ತು ಎರಡನೇ ಹೆಸರಿನ ಹತ್ತಿರ ಸ್ವಲ್ಪ ನಿಲ್ಲಿ. ಸಿಮೆಯೋನ. ಅವನಿಗೆ ನೀಗರ್ ಅನ್ನೋ ಇನ್ನೊಂದು ಹೆಸರಿತ್ತು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಕಪ್ಪು ಅಂತ ಅರ್ಥ. ಮೈಬಣ್ಣ ನೋಡಿಯೇ ಆ ಹೆಸರು ಬಂದಿರಬೇಕು ಅಂತ ಬಹಳ ಜನ ವ್ಯಾಖ್ಯಾನಕಾರರು ಹೇಳ್ತಾರೆ. ಮೂರನೆಯವನು ಕುರೇನ್ಯದ ಲೂಕ್ಯ. ಕುರೇನ್ಯ ಅಂದರೆ ಇವತ್ತಿನ ಲಿಬಿಯಾ ದೇಶದಲ್ಲಿರುವ ಊರು, ಆಫ್ರಿಕಾ. ಇವರೇ ಉಪವಾಸ ಮಾಡಿ, ಪ್ರಾರ್ಥಿಸಿ, ಕೈಯಿಟ್ಟು ಪೌಲನನ್ನು ಸೇವೆಗೆ ಕಳಿಸಿದ್ದು. ನಮ್ಮ ಪೌಲನ ತಲೆ ಮೇಲೆ ಬಿದ್ದ ಕೈಗಳಲ್ಲಿ ಆಫ್ರಿಕಾದವರ ಕೈಯೂ ಇತ್ತು! ಆಮೆನ್ ಅನ್ನೋದಾದರೆ ಗಟ್ಟಿಯಾಗಿ ಅನ್ನಿ.

ಆಮೆನ್ ಅಂದಿರಿ. ಈಗ ಅಂತಿಯೋಕ್ಯ ಬಿಟ್ಟು ಬೆಂಗಳೂರಿಗೆ ಬರೋಣ.

ಕೊತ್ತನೂರು, ಬೈರತಿ, ಹೆಣ್ಣೂರು ಕಡೆ ಇರುವವರಿಗೆ ನಾನು ವಿವರಿಸಬೇಕಾಗಿಲ್ಲ. ಟಾಂಜಾನಿಯಾ, ಕಾಂಗೋ, ನೈಜೀರಿಯಾ, ಸುಡಾನ್, ಉಗಾಂಡಾ, ಇಲ್ಲಿಂದೆಲ್ಲ ಮಕ್ಕಳು ನಮ್ಮ ಊರಿಗೆ ಓದೋಕೆ ಬರ್ತಾರೆ. ಇಲ್ಲಿ ಇಂಗ್ಲಿಷ್‌ನಲ್ಲಿ ಪಾಠ ನಡೆಯುತ್ತೆ, ಯೂರೋಪಿಗೆ ಹೋಲಿಸಿದರೆ ಫೀಸು ಕಡಿಮೆ. ಕೆಲವರಿಗೆ ನಮ್ಮ ಭಾರತ ಸರ್ಕಾರವೇ ಐಸಿಸಿಆರ್ ಮೂಲಕ ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಂಡಿದೆ. ಅವರಲ್ಲಿ ಎಷ್ಟೋ ಜನ ನಮ್ಮ ಹಾಗೇ ವಿಶ್ವಾಸಿಗಳು, ಅದರಲ್ಲೂ ಪೆಂಟೆಕೋಸ್ಟಲ್ ಸಭೆಗಳಲ್ಲಿ ಬೆಳೆದವರು. ನಿಮಗೆ ಕೆನಡಾ ಹೇಗೋ ಅವರಿಗೆ ಬೆಂಗಳೂರು ಹಾಗೆ. ವೀಸಾ, ಅಪ್ಪ ಅಮ್ಮನ ಸಾಲ, ಏರ್‌ಪೋರ್ಟಲ್ಲಿ ಅಳು, ಎಲ್ಲಾ ಒಂದೇ.

ಇಲ್ಲಿಗೆ ಬಂದ ಮೇಲೆ ಏನಾಗುತ್ತೆ? ಬಿಎಂಟಿಸಿ ಬಸ್ಸಲ್ಲಿ ನಿಂತುಕೊಂಡು ಹೋಗುವ ಜನ ಇರ್ತಾರೆ, ಆದರೂ ಆ ಹುಡುಗನ ಪಕ್ಕದ ಸೀಟು ಖಾಲಿ. ಯಾವ ದೇಶದವನಾದರೂ ನಮ್ಮವರ ಬಾಯಲ್ಲಿ ಅವನು ನೈಜೀರಿಯನ್. ಕೂದಲು ಮುಟ್ಟಿ ನೋಡೋದು, ಕೇಳದೆ ಫೋಟೋ ತೆಗೆಯೋದು, ಬಾಡಿಗೆ ಎಲ್ಲರಿಗಿಂತ ಜಾಸ್ತಿ ಹೇಳೋದು. ಪೇಪರಲ್ಲಿ ಒಬ್ಬ ಡ್ರಗ್ಸ್ ಕೇಸಲ್ಲಿ ಸಿಕ್ಕಿಬಿದ್ದ ಅಂತ ಬಂದರೆ ನರ್ಸಿಂಗ್ ಓದುವ ಹುಡುಗಿಗೂ ಅದೇ ಹಣೆಪಟ್ಟಿ. ನಮ್ಮ ಓಣಿಯವನೊಬ್ಬ ಸರಗಳ್ಳ ಅಂತ ನಿಮ್ಮನ್ನು ಯಾರಾದರೂ ಕಳ್ಳ ಅಂದಿದ್ದಾರಾ?

ಇದೆಲ್ಲಾ ಸಣ್ಣ ವಿಷಯ ಬ್ರದರ್ ಅನ್ನಬೇಡಿ. 2016ರ ಜನವರಿ 31. ಅದು ಭಾನುವಾರ, ನಾವೆಲ್ಲ ಬೆಳಿಗ್ಗೆ ಆರಾಧನೆ ಮುಗಿಸಿ ಮನೆಗೆ ಹೋಗಿದ್ದ ದಿನ. ಹೆಸರಘಟ್ಟ ರಸ್ತೆಯ ಕಡೆ ಸುಡಾನ್ ದೇಶದವನೊಬ್ಬನ ಕಾರು ಬಡಿದು ಒಬ್ಬ ಹೆಂಗಸು ತೀರಿಕೊಂಡರು. ಆ ತಾಯಿಯ ಸಾವು ದೊಡ್ಡ ದುಃಖ, ಅದನ್ನು ಮರೆಯೋ ಹಾಗಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಇನ್ನೊಂದು ಕಾರು ಬಂತು. ಅದರಲ್ಲಿ ಇಲ್ಲೇ ಓದುತ್ತಿದ್ದ ಟಾಂಜಾನಿಯಾದ ಒಬ್ಬ ಹುಡುಗಿ ಮತ್ತು ಅವಳ ಸ್ನೇಹಿತರು ಇದ್ದರು. ಬೇರೆ ಕಾರು, ಬೇರೆ ದೇಶ, ಆ ಅಪಘಾತಕ್ಕೆ ಏನೂ ಸಂಬಂಧ ಇಲ್ಲ. ಗುಂಪು ಅವರನ್ನು ಹಿಡಿದು ಹೊಡೆಯಿತು, ಹುಡುಗಿಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ತಪ್ಪಿಸಿಕೊಳ್ಳೋಕೆ ಬಸ್ ಹತ್ತಿದರೆ ಒಳಗಿದ್ದವರೇ ಹೊರಗೆ ತಳ್ಳಿದರು ಅಂತ ಅವಳ ಕಡೆಯವರು ಹೇಳಿದ್ದು ಆಗ ಪತ್ರಿಕೆಗಳಲ್ಲಿ ಬಂತು. ಮರುವರ್ಷ, 2017ರ ಮಾರ್ಚ್‌ನಲ್ಲಿ, ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲೂ ಒಬ್ಬ ಹುಡುಗನ ಸಾವಿನ ನಂತರ ನೈಜೀರಿಯಾದ ವಿದ್ಯಾರ್ಥಿಗಳ ಮೇಲೆ ಗುಂಪು ಬಿತ್ತು.

ಹೆಸರಘಟ್ಟದ ಗುಂಪಲ್ಲಿ ನಾನಿರಲಿಲ್ಲ, ನೀವೂ ಇರಲಿಲ್ಲ. ನಾನು ಯೋಚಿಸೋದು ಆ ಬಸ್ಸಿನೊಳಗೆ ಕೂತವರ ಬಗ್ಗೆ. ಅವರು ರೌಡಿಗಳಲ್ಲ. ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ ನಮ್ಮ ನಿಮ್ಮಂಥವರು. ಅವಳ ಮುಖ ನೋಡಿದ ಕ್ಷಣದಲ್ಲಿ ಅವರ ಮನಸ್ಸು ತೀರ್ಪು ಕೊಟ್ಟಾಗಿತ್ತು. ಆ ತೀರ್ಪು ಎಲ್ಲಿ ತಯಾರಾಗುತ್ತೆ ಗೊತ್ತಾ? ನಮ್ಮ ಮನೆಗಳಲ್ಲಿ. ಹುಡುಗಿ ನೋಡಿಕೊಂಡು ಬಂದು ಏನಂತೀವಿ? "ಕಪ್ಪಾದ್ರೂ ಲಕ್ಷಣವಾಗಿದ್ದಾಳೆ." ಆ "ಆದ್ರೂ" ಇದೆಯಲ್ಲ, ಅದು ಸಣ್ಣ ಮಾತಲ್ಲ ಪ್ರಿಯರೇ. ಸಭೆಯ ಹುಡುಗರೇ, ನಿಮ್ಮ ಮದುವೆ ಬಯೋಡೇಟಾದಲ್ಲಿ "ರಕ್ಷಣೆ ಹೊಂದಿದ, ಸ್ನಾನವಾದ, ಅಭಿಷೇಕ ಹೊಂದಿದ" ಅಂತ ಬರೆದು, ಪಕ್ಕದಲ್ಲೇ "ಬೆಳ್ಳಗಿನ" ಅಂತ ಬರೆಸ್ತೀರಿ. ನಾಲ್ಕು ಅರ್ಹತೆಯಲ್ಲಿ ಮೂರು ಪರಲೋಕದ್ದು, ಒಂದು ಕ್ರೀಮ್ ಕಂಪನಿಯದ್ದು. ಫೇರ್ ಅಂಡ್ ಲವ್ಲಿ ಅನ್ನೋ ಹೆಸರಿನಿಂದ ಆ ಕಂಪನಿಯವರೇ 2020ರಲ್ಲಿ ಫೇರ್ ತೆಗೆದುಹಾಕಿದರು. ನಾವು ಬಯೋಡೇಟಾದಿಂದ ಇನ್ನೂ ತೆಗೆದಿಲ್ಲ. (ನಗಬೇಡಿ, ನಿಮ್ಮ ಬಯೋಡೇಟಾ ನನ್ನ ಹತ್ತಿರವೇ ಬರೋದು.)

ಇನ್ನೊಂದು ಮಾತು. ಯಲ್ಲಾಪುರ, ಹಳಿಯಾಳದ ಕಡೆ ನಮ್ಮ ಸಿದ್ದಿ ಜನ ಇದ್ದಾರೆ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶ. ಕನ್ನಡ ಆಡ್ತಾರೆ, ಕೊಂಕಣಿ ಆಡ್ತಾರೆ, ಅವರಲ್ಲಿ ಕ್ರೈಸ್ತರೂ ಇದ್ದಾರೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು. ಅಂಥ ಊರಿನ ಹುಡುಗ ಮೆಜೆಸ್ಟಿಕ್‌ನಲ್ಲಿ ಇಳಿದರೆ "ಯಾವ ಕಂಟ್ರಿ?" ಅಂತ ಇಂಗ್ಲಿಷ್‌ನಲ್ಲಿ ಕೇಳ್ತೀವಿ. ಅವನು ಕನ್ನಡದಲ್ಲೇ ಉತ್ತರ ಕೊಡ್ತಾನೆ, ನಾಚಿಕೆ ಆಗಬೇಕಾದ್ದು ನಮಗೆ.

ಈಗ ನಮ್ಮ ಸ್ವಂತ ಮನೆತನದ ಕಥೆ ಹೇಳ್ತೀನಿ. ಬೈಬಲ್ ಕಾಲೇಜಿನಲ್ಲಿ ಸಭಾ ಚರಿತ್ರೆ ಓದುವಾಗ ನನ್ನನ್ನು ಬಹಳ ಹಿಡಿದು ನಿಲ್ಲಿಸಿದ ಭಾಗ ಇದು. ವಿಲಿಯಂ ಸೇಮೋರ್. 1870ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಹುಟ್ಟಿದವರು. ತಂದೆ ತಾಯಿ ಗುಲಾಮಗಿರಿಯಲ್ಲಿ ಇದ್ದು ಬಿಡುಗಡೆ ಆದವರು. ಸಿಡುಬು ಬಂದು ಒಂದು ಕಣ್ಣು ಹೋಗಿತ್ತು. 1906ರ ಆರಂಭದಲ್ಲಿ ಹ್ಯೂಸ್ಟನ್ ನಗರದಲ್ಲಿ ಚಾರ್ಲ್ಸ್ ಪಾರ್ಹಮ್ ಅನ್ನೋ ಬಿಳಿಯ ಬೋಧಕರು ಒಂದು ಬೈಬಲ್ ಶಾಲೆ ನಡೆಸುತ್ತಿದ್ದರು. ಪವಿತ್ರಾತ್ಮನ ದೀಕ್ಷಾಸ್ನಾನ, ಅನ್ಯಭಾಷೆ, ಇದೇ ಅಲ್ಲಿನ ಪಾಠ. ಸೇಮೋರ್ ಕಲೀಬೇಕು ಅಂತ ಹೋದರು. ಆದರೆ ಕರಿಯರು ಬಿಳಿಯರ ಜೊತೆ ಒಂದೇ ಕ್ಲಾಸಿನಲ್ಲಿ ಕೂರುವ ಹಾಗಿರಲಿಲ್ಲ. ಆಗಿನ ಅಲ್ಲಿನ ಕಾನೂನೇ ಹಾಗಿತ್ತು. ಅವರನ್ನು ಹೊರಗೆ, ಪಡಸಾಲೆಯಲ್ಲಿ ಕೂರಿಸಿದರು. ತೆರೆದ ಬಾಗಿಲಿನಿಂದ ಎಷ್ಟು ಕೇಳಿಸುತ್ತೋ ಅಷ್ಟೇ ಪಾಠ.

ಪಾಠ ಪವಿತ್ರಾತ್ಮನ ಬಗ್ಗೆ. ವಿದ್ಯಾರ್ಥಿ ಬಾಗಿಲ ಹೊರಗೆ!

ಅದೇ ವರ್ಷ ಏಪ್ರಿಲ್‌ನಲ್ಲಿ, ಲಾಸ್ ಏಂಜಲೀಸ್‌ನಲ್ಲಿ, ಸೇಮೋರ್ ನಡೆಸುತ್ತಿದ್ದ ಪ್ರಾರ್ಥನೆಯಲ್ಲಿ ಆತ್ಮನು ಸುರಿದನು. ಬೋಧಕರಿರುವ ಕ್ಲಾಸಿನಲ್ಲಿ ಅಲ್ಲ, ಹೊರಗೆ ಕೂತವನ ಮೂಲಕ. ಅಜೂಸಾ ಸ್ಟ್ರೀಟ್‌ನ ಒಂದು ಹಳೇ ಕಟ್ಟಡದಲ್ಲಿ ಸುಮಾರು ಮೂರು ವರ್ಷ ಹಗಲು ರಾತ್ರಿ ಕೂಟ ನಡೆಯಿತು. ಕರಿಯರು, ಬಿಳಿಯರು, ಮೆಕ್ಸಿಕೋದವರು ಒಟ್ಟಿಗೆ ಮೊಣಕಾಲೂರಿದರು. ಅಕ್ಟೋಬರ್‌ನಲ್ಲಿ ಪಾರ್ಹಮ್ ಅವರೇ ಬಂದು ನೋಡಿ, ಈ ಬೆರಕೆಯನ್ನು ಖಂಡಿಸಿದರು. ಆಮೇಲೆ ನಿಧಾನವಾಗಿ ಪೆಂಟೆಕೋಸ್ಟಲ್ ಸಭೆಗಳೇ ಬಣ್ಣದ ಪ್ರಕಾರ ಬೇರೆಯಾದವು. ಅನ್ಯಭಾಷೆ ಉಳಿಯಿತು, ಒಂದೇ ಬೆಂಚು ಉಳಿಯಲಿಲ್ಲ. 1994ರಲ್ಲಿ ಮೆಂಫಿಸ್ ನಗರದಲ್ಲಿ ಒಬ್ಬ ಬಿಳಿಯ ಪಾಸ್ಟರ್ ಕರಿಯ ಬಿಷಪ್ ಇಥಿಯೆಲ್ ಕ್ಲೆಮನ್ಸ್ ಅವರ ಕಾಲು ತೊಳೆದು ಅತ್ತರು. ಅಷ್ಟಕ್ಕೆ ಎಂಬತ್ತೆಂಟು ವರ್ಷ ಬೇಕಾಯಿತು. ನೀವು ಮಾತಾಡುವ ಅನ್ಯಭಾಷೆಗೆ ಒಂದು ಚರಿತ್ರೆ ಇದ್ದರೆ, ಆ ಚರಿತ್ರೆ ಪಡಸಾಲೆಯಲ್ಲಿ ಕೂತ ಒಬ್ಬ ಕರಿಯ ವಿದ್ಯಾರ್ಥಿಯನ್ನು ಹಾದು ನಿಮ್ಮ ಹತ್ತಿರ ಬಂದಿದೆ.

ಹಾಗಾದರೆ ಏನು ಮಾಡೋಣ? "ನಾವೆಲ್ಲ ಕ್ರಿಸ್ತನಲ್ಲಿ ಒಂದೇ" ಅಂತ ಸ್ಟೇಟಸ್ ಹಾಕೋದು ಸುಲಭ. ಯೆರೆಮೀಯ 38ಕ್ಕೆ ಬನ್ನಿ. ಪ್ರವಾದಿಯನ್ನು ಕೆಸರಿನ ಬಾವಿಯಲ್ಲಿ ಇಳಿಸಿದ್ದಾರೆ. ಊರಿನವರು ಎಲ್ಲಾ ಸುಮ್ಮನೆ. ರಾಜನ ಹತ್ತಿರ ಹೋಗಿ ಮಾತಾಡಿದವನು ಎಬೆದ್ಮೆಲೆಕ. ಅವನು ಕೂಷ್ ದೇಶದವನು, ಆಫ್ರಿಕಾದವನು, ಯೆರೂಸಲೇಮಿಗೆ ಪರದೇಶಿ. ಅವನು ಹಗ್ಗ ಒಂದನ್ನೇ ತರಲಿಲ್ಲ. ಅರಮನೆಯ ಉಗ್ರಾಣದಿಂದ ಹಳೇ ಬಟ್ಟೆ, ಚಿಂದಿ ಆರಿಸಿ ತಂದು, ಹಗ್ಗ ಕಂಕುಳಿಗೆ ಕೊಯ್ಯದ ಹಾಗೆ ಇದನ್ನು ಕೆಳಗೆ ಇಟ್ಟುಕೋ ಅಂದ. ಎಷ್ಟು ಸಣ್ಣ ಕಾಳಜಿ ನೋಡಿ. ಎತ್ತಿದರೆ ಸಾಕು ಅನ್ನಲಿಲ್ಲ, ನೋವಾಗಬಾರದು ಅಂದ. ನನಗೆ ಈ ಚಿಂದಿ ಬಟ್ಟೆ ಬಹಳ ಇಷ್ಟ.

ನಮ್ಮ ಚಿಂದಿ ಬಟ್ಟೆ ಯಾವುದು ಅಂತ ಹೇಳ್ತೀನಿ. ಮಧ್ಯಾಹ್ನದ ಇಂಗ್ಲಿಷ್ ಸರ್ವಿಸ್‌ಗೆ ಬರುವ ಒಬ್ಬ ತಂಗಿ ಇದ್ದಾಳೆ, ಫಾರ್ಮಸಿ ಓದ್ತಾಳೆ, ಕಾಂಗೋದವಳು. ಈಗಿರುವ ಮನೆ ತಿಂಗಳ ಕೊನೆಗೆ ಬಿಡಬೇಕು. ಹನ್ನೊಂದು ಮನೆ ನೋಡಿದ್ದಾಳೆ. ಫೋನಲ್ಲಿ ಹೂಂ ಅಂದವರು ಗೇಟಲ್ಲಿ ಮುಖ ನೋಡಿದ ಮೇಲೆ "ಆಗಲೇ ಕೊಟ್ಟಾಯ್ತಮ್ಮ" ಅಂದರು. ಈ ಮಾತು ನಿಮಗೆ ಹೊಸದೇನಲ್ಲ. "ನೀವು ಕ್ರಿಶ್ಚಿಯನ್ಸಾ? ಪ್ರೇಯರ್ ಮೀಟಿಂಗ್ ಮಾಡ್ತೀರಾ? ನಾನ್‌ವೆಜ್ಜಾ?" ಅಂತ ಕೇಳಿ ನಿಮ್ಮಲ್ಲಿ ಎಷ್ಟು ಜನಕ್ಕೆ ಮನೆ ಇಲ್ಲ ಅಂದಿದ್ದಾರೆ, ಕೈ ಎತ್ತಿ. ನೋಡಿ, ಅರ್ಧ ಸಭೆ.

ಇಲ್ಲಿ ಕೂತವರಲ್ಲಿ ಕೆಲವರ ಅಪ್ಪ ಅಮ್ಮನಿಗೆ ಬಾಡಿಗೆಗೆ ಕೊಡುವ ಮನೆಗಳಿವೆ, ನನಗೆ ಗೊತ್ತು. ಅಪ್ಪನ ಹತ್ತಿರ ನೀವು ಮಾತಾಡಬೇಕು. "ಅಕ್ಕಪಕ್ಕದವರು ಏನಂತಾರೆ" ಅಂತ ಅಪ್ಪ ಕೇಳ್ತಾರೆ, ಅದಕ್ಕೂ ಉತ್ತರ ಇಟ್ಟುಕೊಂಡು ಹೋಗಿ. ಮನೆಗೆ ವಿದೇಶಿಯರು ಬಂದರೆ ಎಫ್‌ಆರ್‌ಆರ್‌ಓಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು, ಅಷ್ಟೇ. ಅದನ್ನು ನಾನು ಪಕ್ಕದಲ್ಲಿ ಕೂತು ಮಾಡಿಸಿಕೊಡ್ತೀನಿ. ಬೇರೆಯವರಿಗೆ ಎಷ್ಟು ಬಾಡಿಗೆಯೋ ಅವಳಿಗೂ ಅಷ್ಟೇ ಇರಲಿ. ಮನೆ ನೋಡೋಕೆ ಅವಳ ಜೊತೆ ಸಿಸ್ಟರ್ಸ್ ಇಬ್ಬರು ಹೋಗಿ, ಕನ್ನಡದಲ್ಲಿ ಮಾತಾಡಿ.

ಪ್ರಾರ್ಥನೆ ಆದ ಮೇಲೆ ನಾನು ಹಿಂದಿನ ಬಾಗಿಲ ಹತ್ತಿರ ನಿಂತಿರ್ತೀನಿ. ಮನೆ ಇರುವವರು, ಜೊತೆ ಹೋಗುವವರು ಅಲ್ಲಿಗೆ ಬನ್ನಿ. ಈಗ ಎಲ್ಲರೂ ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ.