ಊರ ಬಿಸಿಲಿನ ಗಳಿಕೆ ಊರಿನಲ್ಲೇ ಉಳಿಯಲಿ



ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳಲ್ಲಿ ಬಿಸಿಲಿಗೆ ಬರವಿಲ್ಲ. ಬಿಸಿಲಿನಿಂದ ವಿದ್ಯುತ್ತನ್ನು ಪಡೆಯಬಹುದೆಂಬುದೂ ಈಗ ಹೊಸ ಸುದ್ದಿಯಲ್ಲ. ಆದರೆ ಆ ವಿದ್ಯುತ್ತಿಗೆ ಒಡೆಯರಾರು, ಅದರ ಹಣ ಯಾರ ಕೈ ಸೇರುತ್ತದೆ ಎಂಬುದನ್ನು ಪ್ರತಿಯೊಂದು ಗ್ರಾಮವೂ ಕೂಡಿ ಕುಳಿತು ಯೋಚಿಸಬೇಕಾಗಿದೆ. ಈ ಪಾಠದ ವಿಷಯ ಅದೇ.

ಹಣ ಊರು ಬಿಡುವ ಬಗೆ

ನಾವು ತೊಗರಿಯನ್ನು ಕಾಳಾಗಿ ಮಾರುತ್ತೇವೆ, ಬೇಳೆಯಾಗಿ ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ. ನಡುವಿನ ಲಾಭ ಬೇಳೆ ಮಾಡಿದವರದು. ಬಿಸಿಲಿನ ವಿಷಯದಲ್ಲಿಯೂ ಹೀಗಾಗಬಹುದು.

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕು ಇದೆ. ಅದರ ಮೊದಲ ಹಂತ 2018ರಲ್ಲಿ ಆರಂಭವಾಗಿ, 2019ರ ಕೊನೆಗೆ ಕೆಲಸ ಪೂರ್ಣವಾಯಿತು. ಅಲ್ಲಿಯ ರೈತರು ಭೂಮಿಯನ್ನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಕೊಟ್ಟರು. ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಕೆಯೂ ಕರಾರಿನಲ್ಲಿದೆ. ಮಳೆ ಕೈಕೊಡುವ ಆ ಸೀಮೆಯಲ್ಲಿ ಇದು ಖಚಿತವಾದ ವರಮಾನವೇ ಸರಿ. ಆದರೆ ಗೇಣಿ ದೊರೆಯುವುದು ಭೂಮಿಯುಳ್ಳವರಿಗೆ. ಆ ಹೊಲಗಳಲ್ಲಿ ದುಡಿಯುತ್ತಿದ್ದ ಭೂಮಿಯಿಲ್ಲದವರಿಗೆ ಗೇಣಿಯೂ ಇಲ್ಲ, ಹಿಂದಿನ ಕೂಲಿಯೂ ಇಲ್ಲ. ವಿದ್ಯುತ್ ಮಾರಿದ ಲಾಭ ಕಂಪನಿಗಳದು.

ಒಡೆತನ ಜನರದಾದರೆ

ವಿದ್ಯುತ್ತಿನ ಕೆಲಸ ಹಳ್ಳಿಯವರಿಂದ ಆಗದೆಂದು ಹೇಳುವವರುಂಟು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಅವರಿಗೆ ಉತ್ತರವಾಗಿದೆ. 1969ರಲ್ಲಿ ಸ್ಥಾಪನೆಯಾದ ಈ ಸಂಘವು ಸಗಟಾಗಿ ವಿದ್ಯುತ್ ಕೊಂಡು, ಹುಕ್ಕೇರಿ ತಾಲ್ಲೂಕಿನ ಮನೆಗಳಿಗೂ ಪಂಪುಗಳಿಗೂ ಹಂಚುತ್ತ ಬಂದಿದೆ. ಸದಸ್ಯರೇ ಅದರ ಆಡಳಿತ ಮಂಡಳಿಯನ್ನು ಚುನಾಯಿಸುತ್ತಾರೆ.

ಬಿಸಿಲಿನ ವಿದ್ಯುತ್ತಿನಲ್ಲಿ ಈ ದಾರಿ ಹಿಡಿದವರು ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದ ರೈತರು. 2016ರಲ್ಲಿ ಅಲ್ಲಿಯ ಆರು ಮಂದಿ ರೈತರ ಸಹಕಾರ ಸಂಘವು, ಹೊಲಕ್ಕೆ ನೀರು ಹಾಯಿಸಿ ಉಳಿದ ವಿದ್ಯುತ್ತನ್ನು ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ವಿದ್ಯುತ್ ಕಂಪನಿಗೆ ಮಾರಲಾರಂಭಿಸಿತು. ಕರಾರು 25 ವರ್ಷಗಳದು. ಬಂಡವಾಳದ ಹೆಚ್ಚಿನ ಭಾಗಕ್ಕೆ ಹೊರಗಿನ ನೆರವಿತ್ತೆಂಬುದನ್ನು ಮರೆಯಬಾರದು. ಆದರೂ ಇದರಲ್ಲಿ ನಮಗೊಂದು ಪಾಠವುಂಟು. ಬಿಸಿಲಿಗೆ ಬೆಲೆಯಿಲ್ಲವೆಂದು ದಿನವಿಡೀ ಪಂಪು ಓಡಿಸಿದರೆ ಬೋರ್‌ವೆಲ್ ಬತ್ತುತ್ತದೆ. ಉಳಿಸಿದ ವಿದ್ಯುತ್ತಿಗೆ ಬೆಲೆ ಸಿಕ್ಕರೆ, ಸಾಕಾದಾಗ ಪಂಪು ನಿಲ್ಲಿಸುವುದೇ ಲಾಭವಾಗುತ್ತದೆ, ಅಂತರ್ಜಲವೂ ಉಳಿಯುತ್ತದೆ.

ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ ಉಚಿತವಾಗಿರುವಾಗ ಇದೆಲ್ಲ ಏಕೆ ಎಂದು ಕೇಳಬಹುದು. ಉಚಿತ ವಿದ್ಯುತ್ ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ. ಹಗಲು ನೀರು ಹಾಯಿಸುವವರಿಗೆ ಕತ್ತಲಲ್ಲಿ ಹಾವು ಚೇಳುಗಳ ಭಯವಿಲ್ಲ.

ಒಂದು ಲೆಕ್ಕ

ಊರಿನ ಸಂಘದ ಹಿಟ್ಟಿನ ಗಿರಣಿಯೊಂದಕ್ಕೆ 10 ಕಿಲೋವಾಟ್ ಸೋಲಾರ್ ಹಾಕಿದರೆಂದು ತಿಳಿಯಿರಿ. ಇದಕ್ಕೆ ಸುಮಾರು 1,000 ಚದರಡಿ ಮಾಳಿಗೆ ಬೇಕು. ಒಂದು ಕಿಲೋವಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ.

ದಿನದ ಉತ್ಪತ್ತಿ: 10 × 4 = 40 ಯೂನಿಟ್.
ವರ್ಷಕ್ಕೆ 300 ದಿನ ಹಿಡಿದರೆ: 12,000 ಯೂನಿಟ್.
ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೆ ಉಳಿಯುವ ಹಣ: 84,000 ರೂಪಾಯಿ.
ರಿಪೇರಿ ನಿಧಿಗೆ ತೆಗೆದಿಡುವುದು: 10,000 ರೂಪಾಯಿ.
ಕೈಗೆ ಉಳಿಯುವುದು: 74,000 ರೂಪಾಯಿ.

ಆರಂಭದ ವೆಚ್ಚ 5 ಲಕ್ಷ 50 ಸಾವಿರವೆಂದು ಹಿಡಿದರೆ, ಬಡ್ಡಿ ಬಿಟ್ಟು, ಸುಮಾರು ಏಳೂವರೆ ವರ್ಷಕ್ಕೆ ಹಾಕಿದ ಹಣ ಮರಳುತ್ತದೆ. ಪ್ಲೇಟುಗಳು ಸುಮಾರು 25 ವರ್ಷ ಬಾಳುತ್ತವೆ. ಇನ್ವರ್ಟರನ್ನು ಮಾತ್ರ ನಡುವೆ ಬದಲಿಸಬೇಕಾಗಬಹುದು. ದರಗಳು ಬದಲಾಗುತ್ತಿರುವುದರಿಂದ ನಿಮ್ಮ ಊರಿನ ಬಿಲ್ಲನ್ನೂ ಅಂಗಡಿಯ ದರಪಟ್ಟಿಯನ್ನೂ ಎದುರಿಗಿಟ್ಟುಕೊಂಡು ಲೆಕ್ಕವನ್ನು ಮತ್ತೆ ಮಾಡಿರಿ.

ಗಿರಣಿಯ ಜೊತೆಗೆ ಬೇಳೆ ಮಾಡುವ ಯಂತ್ರ, ಹೊಲಿಗೆ ಯಂತ್ರಗಳೂ ನಡೆದರೆ ಊರಿನ ಹೆಣ್ಣುಮಕ್ಕಳಿಗೆ ಊರಿನಲ್ಲಿಯೇ ಕೆಲಸ ಸಿಕ್ಕುತ್ತದೆ. ಬೀದರ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1990ರ ದಶಕದಲ್ಲಿಯೇ ಸ್ವಸಹಾಯ ಸಂಘಗಳಿಗೆ ಸಾಲ ಕೊಡತೊಡಗಿತು. ಕೂಡಿ ಉಳಿಸುವುದು, ಪಡೆದ ಸಾಲ ತೀರಿಸುವುದು ನಮ್ಮ ತಾಯಂದಿರಿಗೆ ಹೊಸದಲ್ಲ.

ಗಮನದಲ್ಲಿಡತಕ್ಕ ಮಾತುಗಳು

1. ಪ್ಲೇಟುಗಳು ದಕ್ಷಿಣಕ್ಕೆ ಮುಖಮಾಡಿ ಸುಮಾರು 18 ಡಿಗ್ರಿ ಓರೆಯಾಗಿರಲಿ. ಒಂದು ಕೊಂಬೆಯ ನೆರಳು ಬಿದ್ದರೂ ಉತ್ಪತ್ತಿ ಕುಗ್ಗುತ್ತದೆ.
2. ಬೇಸಿಗೆಯಲ್ಲಿ ವಾರಕ್ಕೊಮ್ಮೆ, ಬಿಸಿಲೇರುವ ಮೊದಲು, ಧೂಳು ತೊಳೆಯಿರಿ. ಈ ಕೆಲಸ ಯಾರದೆಂದು ಮೊದಲೇ ಗೊತ್ತುಮಾಡಿರಿ.
3. ಜೆಸ್ಕಾಂ ತಂತಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸೋಲಾರ್ ಸಾಮಾನ್ಯವಾಗಿ ತಂತಿಯಲ್ಲಿ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ತಂತಿಯ ಮೇಲೆ ಕೆಲಸ ಮಾಡುವವರ ಪ್ರಾಣರಕ್ಷಣೆಗಾಗಿ ಈ ಏರ್ಪಾಡು. ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿಯಿರಿ.
4. ಕೇಂದ್ರ ಸರ್ಕಾರದ ಕುಸುಮ್ ಯೋಜನೆ 2019ರಲ್ಲಿ ಆರಂಭವಾಯಿತು. ಅದರಲ್ಲಿ ಸಹಕಾರ ಸಂಘ, ಪಂಚಾಯಿತಿಗಳಿಗೂ ಅವಕಾಶವಿಡಲಾಯಿತು. ಸಹಾಯಧನದ ನಿಯಮಗಳನ್ನು ಕಚೇರಿಯಲ್ಲಿ ವಿಚಾರಿಸದೆ ಯಾರಿಗೂ ಮುಂಗಡ ಕೊಡಬೇಡಿರಿ.
5. ಗೇಣಿಯ ಕರಾರು ಬಂದರೆ ಗ್ರಾಮಸಭೆಯಲ್ಲಿ ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿರಿ.

ಎಲ್ಲಕ್ಕಿಂತ ಮುಖ್ಯವಾದುದು ಲೆಕ್ಕಪತ್ರ. ಎಷ್ಟು ಯೂನಿಟ್ ಬಂತು, ಎಷ್ಟು ಹಣ ಉಳಿಯಿತು ಎಂಬುದನ್ನು ತಿಂಗಳಿಗೊಮ್ಮೆ ಪಂಚಾಯಿತಿಯ ಹಲಗೆಯ ಮೇಲೆ ಬರೆಯಬೇಕು. ಲೆಕ್ಕ ಮುಚ್ಚಿಟ್ಟ ಸಂಘ ಬಾಳದು. ಭೂಮಿಯಿಲ್ಲದವರಿಗೂ ಸಣ್ಣ ಷೇರಿನಿಂದ ಸದಸ್ಯತ್ವ ದೊರೆಯಬೇಕು. ಇಲ್ಲವಾದರೆ ಪಾವಗಡದ ಕೂಲಿಕಾರರ ಪಾಡು ನಮ್ಮಲ್ಲಿಯೂ ಆದೀತು. ಕಾಯಕದಿಂದ ಬಂದುದರಲ್ಲಿ ಸಮಾಜಕ್ಕೂ ಸಲ್ಲಬೇಕೆಂದು 12ನೆಯ ಶತಮಾನದ ಶರಣರು ಸಾರಿದ್ದು ಈ ಕಲ್ಯಾಣದ ನೆಲದಲ್ಲಿಯೇ.

ಗ್ರಾಮಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಿನಿಂದ ವರ್ಷಕ್ಕೆ ವಿದ್ಯುತ್ತಿಗೂ ಡೀಸೆಲ್ಲಿಗೂ ಎಷ್ಟು ಹಣ ಹೊರಗೆ ಹೋಗುತ್ತದೆ?
2. ನೆರಳಿಲ್ಲದ ಸಾರ್ವಜನಿಕ ಮಾಳಿಗೆ ಯಾವುದಿದೆ?
3. ಹಗಲಿನಲ್ಲಿ ವಿದ್ಯುತ್ ಬಳಸುವ ಯಾವ ಕೆಲಸವನ್ನು ಮೊದಲು ಆರಂಭಿಸಬಹುದು?
4. ಲೆಕ್ಕ ಬರೆಯುವವರು ಯಾರು, ಪರಿಶೀಲಿಸುವವರು ಯಾರು?